ಕಾಂಡಕೊರಕದ ಔಷಧಿ ಹೊಡೆದವರಿಗೆ ಜೊಲ್ಲು, ಕಣ್ಣು ಮಂಜು: ನರದಲ್ಲಿ ಆಗೋದೇನು?

ಮೂಡಿಗೆರೆ ತೋಟ:
ಅರೇಬಿಕಾ ಕಾಫಿ ಗಿಡದ ಕಾಂಡಕ್ಕೆ ಕ್ಲೋರೋಪೈರಿಫಾಸ್ ಕೀಟನಾಶಕ ಹೊಡೆದ ಆಳುಗಳಿಗೆ ಸಂಜೆ ಹೊತ್ತಿಗೆ ಬೆವರು, ಜೊಲ್ಲು, ಕಣ್ಣು ಮಂಜು. ಹುಳದ ಔಷಧಿಗೂ ನಮ್ಮ ನರಕ್ಕೂ ಏನು ಸಂಬಂಧ?

ನರವಿಜ್ಞಾನ ಹಾಸನ:
ಹುಳಕ್ಕೂ ನಮಗೂ ನರದ ಸಂಕೇತ ಒಯ್ಯುವ ರಾಸಾಯನಿಕ ದೂತ ಒಂದೇ ಸರ್, ಅಸಿಟೈಲ್‌ಕೋಲಿನ್. ಸಂಕೇತ ನರದ ತುದಿ ಮುಟ್ಟಿದ ಕೂಡಲೇ ಕ್ಯಾಲ್ಸಿಯಂ ಒಳನುಗ್ಗಿ, ದೂತ ತುಂಬಿದ ಪುಟ್ಟ ಚೀಲಗಳು ನರಕ್ಕೂ ಮುಂದಿನ ಕೋಶಕ್ಕೂ ನಡುವಿನ ಸಂದಿಗೆ ತೆರೆದುಕೊಳ್ಳುತ್ತವೆ. ಆಚೆ ಬದಿಯಲ್ಲಿ ದೂತನನ್ನು ಹಿಡಿಯುವ ಗ್ರಾಹಕಕ್ಕೆ ಅದು ತಾಗಿದರೆ ಸ್ನಾಯು ಬಿಗಿಯುತ್ತೆ, ಗ್ರಂಥಿ ಸ್ರವಿಸುತ್ತೆ. ಕೆಲಸ ಮುಗಿದ ದೂತನನ್ನು ಕೋಲಿನ್‌ಎಸ್ಟರೇಸ್ ಕಿಣ್ವ ಮಿಲಿಸೆಕೆಂಡುಗಳಲ್ಲೇ ತುಂಡರಿಸಬೇಕು. ಕ್ಲೋರೋಪೈರಿಫಾಸ್ ಯಕೃತ್ತಿನಲ್ಲಿ ಆಕ್ಸಾನ್ (oxon) ಎಂಬ ಇನ್ನೂ ಚುರುಕು ವಿಷವಾಗಿ ಬದಲಾಗಿ ಆ ಕಿಣ್ವಕ್ಕೇ ಅಂಟಿಕೊಳ್ಳುತ್ತೆ. ದೂತ ಸಂದಿಯಲ್ಲೇ ಉಳಿದು ಬಾಗಿಲು ತಟ್ಟುತ್ತಲೇ ಇರುತ್ತಾನೆ. ಹೀಗೆ ಬದಲಾಗೋಕೆ ಹೊತ್ತು ಹಿಡಿಯೋದರಿಂದಲೂ ಲಕ್ಷಣ ತಡವಾಗಿ ಕಾಣೋದು. ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅನುಮಾನವೇ ಬೇಡ, ಆಸ್ಪತ್ರೆಗೆ ಹೊರಡಿ.

ತುರ್ತು ಚಿಕಿತ್ಸೆ:
ಮೊದಲು ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಕೂದಲು, ಉಗುರುಸಂದಿ ಸಮೇತ ತೊಳೆಯಿರಿ. ತೊಳೆಯುವವರಿಗೂ ಗ್ಲೌಸ್ ಇರಲಿ. ವಾಂತಿ ಮಾಡಿಸಬೇಡಿ, ಡಬ್ಬಿಯ ಲೇಬಲ್ ಜೊತೆಗೊಯ್ಯಿರಿ. ಆಸ್ಪತ್ರೆಯಲ್ಲಿ ಅಟ್ರೋಪಿನ್ (ಗ್ರಂಥಿಗಳಲ್ಲಿ ದೂತನನ್ನು ತಡೆಯುವ ಮದ್ದು) 1–3 ಮಿ.ಗ್ರಾಂ. ರಕ್ತನಾಳಕ್ಕೆ ಕೊಟ್ಟು, ಸಾಲದಿದ್ದರೆ 5 ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾರೆ, ಎದೆಯ ಗೊರಗೊರ ನಿಲ್ಲುವವರೆಗೆ. ಆದರೆ ಅಟ್ರೋಪಿನ್ ಕೈಕಾಲು ಸ್ನಾಯುವಿನ ಗ್ರಾಹಕದ ಮೇಲೆ ಕೆಲಸ ಮಾಡಲ್ಲ. ಹಾಗಾಗಿ 1ರಿಂದ 4 ದಿನದೊಳಗೆ ಕತ್ತು ಎತ್ತಲಾಗದೆ, ಉಸಿರಾಟ ಸೋಲಬಹುದು. ಚೇತರಿಸಿಕೊಂಡರು ಅಂತ ಬೇಗ ಮನೆಗೆ ಕರೆತರೋದು ದೊಡ್ಡ ತಪ್ಪು.

ನರವಿಜ್ಞಾನ ಹಾಸನ:
ಇನ್ನೊಂದು ಮಾತು. ಸಿಂಪಡಣೆ ಶುರುವಾಗೋ ಮುಂಚೆ ಆಳುಗಳ ರಕ್ತದ ಕೋಲಿನ್‌ಎಸ್ಟರೇಸ್ ಅಳೆಸಿಡಿ. ಈ ಮಟ್ಟ ಒಬ್ಬೊಬ್ಬರಿಗೆ ಒಂದೊಂದು ಥರ, ಹಳೇ ಅಂಕಿ ಇಲ್ಲದಿದ್ದರೆ ಇಳಿದದ್ದೇ ತಿಳಿಯಲ್ಲ.