ಹೆಸರು ನೋಡಿ ಮ್ಯಾಂಡೊಲಿನ್ ತಗೊಳ್ಳಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಬಾಯಲ್ಲೇ ಹೇಳುತ್ತೇನೆ, ಉದ್ದ ಆಗುತ್ತದೆ, ಕೊನೆವರೆಗೂ ಕೇಳು. ಮಗ ಅಮೆರಿಕದ ಗಿಬ್ಸನ್ ಕಂಪನಿಯ ಮ್ಯಾಂಡೊಲಿನ್ನೇ ಬೇಕು ಅಂತ ಹಟ ಹಿಡಿದಿದ್ದಾನೆ, ರೇಟು ನೋಡಿ ನಿನಗೆ ನಿದ್ದೆ ಬರುತ್ತಿಲ್ಲ, ಕಡಿಮೆಯದು ಕೊಡಿಸಿದರೆ ಅವನ ಕೈ ಕೆಡುತ್ತದೇನೋ ಅಂತ ಭಯ, ಇದರ ಮಧ್ಯೆ ಯಾರೋ ಹಳೇ ಗಿಬ್ಸನ್ ಅರ್ಧ ರೇಟಿಗೆ ಕೊಡುತ್ತೇನೆ ಅಂದಿದ್ದಾರೆ, ಸಾಲ ಮಾಡಿ ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡ. ಅವರಿಗೆ ಅಡ್ವಾನ್ಸ್ ಗಿಡ್ವಾನ್ಸ್ ಏನೂ ಕಳಿಸಬೇಡ. ಹೆಸರು ನೋಡಿ ದುಡ್ಡು ಕೊಡಬೇಡ ಪುಟ್ಟಿ, ನುಡಿಸಿ ನೋಡದೆ ಕೊಡಲೇಬೇಡ.

ನಿಮ್ಮ ದೊಡ್ಡಪ್ಪನ ಮ್ಯಾಂಡೊಲಿನ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಆದರೆ ಆ ಕಪ್ಪು ಪೆಟ್ಟಿಗೆಯದು ಏನಾಯಿತು ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಆರ್ಕೆಸ್ಟ್ರಾದಲ್ಲಿ ನುಡಿಸುವಾಗ ಅವರ ಹತ್ತಿರ ಇದ್ದದ್ದು ಹೆಸರೇ ಇಲ್ಲದ ಒಂದು ಮ್ಯಾಂಡೊಲಿನ್. ಎಷ್ಟು ಚೆನ್ನಾಗಿತ್ತು ಅಂದರೆ, ಹಿಂದೆ ತಬಲಾ, ಪಕ್ಕದಲ್ಲಿ ಅಕಾರ್ಡಿಯನ್ ಇದ್ದರೂ ಅದರ ದನಿ ಬಿಡಿಯಾಗಿ ಕೇಳುತ್ತಿತ್ತು. ಆದರೆ ಅವರ ಮನಸ್ಸೆಲ್ಲ ಗಿಬ್ಸನ್ ಮೇಲೆ. ಲಾಯ್ಡ್ ಲೋರ್ ಅನ್ನುವವರು ಗಿಬ್ಸನ್‌ನಲ್ಲಿ ಕೆಲಸಕ್ಕಿದ್ದಾಗ, 1922ರಿಂದ 1924ರವರೆಗೆ, ಒಳಗಡೆ ಸಹಿ ಮಾಡಿದ ಚೀಟಿ ಅಂಟಿಸಿ ಕಳಿಸಿದ, ಸುರುಳಿ ಕೆತ್ತಿದ ಎಫ್-5 ಮಾಡೆಲ್ ಮ್ಯಾಂಡೊಲಿನ್‌ಗಳಿವೆ ಅಲ್ವಾ, ಅದರ ಮಾತೇ ಊಟಕ್ಕೆ ಕೂತರೂ, ಮಲಗಿದರೂ. ಅಮೆರಿಕದ ಬಿಲ್ ಮನ್ರೋ 1940ರ ದಶಕದಿಂದ ಹೆಚ್ಚಾಗಿ ನುಡಿಸಿದ್ದು ಅಂಥದ್ದೇ, 1923ರದು. ನಿನ್ನ ಮಗ ವಿಡಿಯೋದಲ್ಲಿ ನೋಡಿ ಮರುಳಾಗಿರುವ ಬ್ಲೂಗ್ರಾಸ್, ಅಂದರೆ ಆ ಅಮೆರಿಕದ ಹಳ್ಳಿ ಸಂಗೀತದ ದನಿ ಅಲ್ಲಿಂದ ಬಂದದ್ದು. ಇವತ್ತು ಬೇರೆ ಕಂಪನಿಗಳ ಎಫ್ ಮಾಡೆಲ್ ತೆಗೆದು ನೋಡಿದರೆ ಹೆಚ್ಚಿನವು ಆ ಎಫ್-5 ನೋಡಿಕೊಂಡು ಮಾಡಿದ್ದೇ.

ಹೀಗಿರುವಾಗ ಒಬ್ಬರು ಬಂದರು. ಯಾರು ಅಂತ ಬೇಡ ಬಿಡು. ನನ್ನ ಹತ್ತಿರ ಆ ಹೆಸರಿನದೇ ಹಳೆಯದಿದೆ, ನಿಮಗಾದರೆ ಕಡಿಮೆಗೆ ಕೊಡುತ್ತೇನೆ ಅಂದರು. ದೊಡ್ಡಪ್ಪ ಕೈಲಿದ್ದ ಒಳ್ಳೇ ಮ್ಯಾಂಡೊಲಿನ್ ಮಾರಿ, ಮೇಲೆ ಸಾಲ ಮಾಡಿ ತಂದರು. ಪೆಟ್ಟಿಗೆ ತೆಗೆದರೆ ಒಳಗೆ ಕೆಂಪು ವೆಲ್ವೆಟ್, ತಲೆ ಮೇಲೆ ಚಿಪ್ಪಿನಲ್ಲಿ ಕೂರಿಸಿದ ಹೆಸರು ಪಳಪಳ ಅನ್ನುತ್ತಿತ್ತು. ಬಂದವರೆಲ್ಲ ಹೆಸರನ್ನೇ ನೋಡಿದರು. ನಾನು ಶ್ರುತಿ ಮಾಡುವುದಕ್ಕೆ ಕೂತೆ. ಬಿಟ್ಟ ತಂತಿಯಲ್ಲಿ ಸರಿಯಾಗೇ ಇತ್ತು, ಕುತ್ತಿಗೆ ಮೇಲೆ ಅಡ್ಡ ಕಂಬಿ ಇರುತ್ತದಲ್ಲ, ಫ್ರೆಟ್ ಅಂತ, ಏಳನೇ ಫ್ರೆಟ್ ದಾಟಿದರೆ ಎಲ್ಲ ಸ್ವರವೂ ಏರುತ್ತಿತ್ತು. ಹಲಗೆ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯನ್ನು ಆಚೆ ಈಚೆ ಸರಿಸಿ ನೋಡಿದೆ, ಆಗಲಿಲ್ಲ. ಆಮೇಲೆ ಕುದುರೆ ಪಕ್ಕದಲ್ಲಿ ಬೆರಳು ಆಡಿಸಿದೆ, ಮೇಲಿನ ಹಲಗೆ ತಗ್ಗಿಹೋಗಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಗೊತ್ತಾಗುತ್ತಿತ್ತು.

ರಿಪೇರಿಯವರು ಮೇಲಿನ ಹಲಗೆಯಲ್ಲಿ ಇಂಗ್ಲಿಷ್ ಎಫ್ ಅಕ್ಷರದ ಹಾಗೆ ಕೊರೆದ ಎಫ್ ತೂತಿನೊಳಗೆ ಪುಟ್ಟ ಕನ್ನಡಿ ಇಟ್ಟು ಟಾರ್ಚ್ ಬಿಟ್ಟು ತೋರಿಸಿದರು. ಹಲಗೆಯ ಅಡಿಯ ಪಟ್ಟಿ ಅಂಟು ಬಿಟ್ಟು ಒಂದು ತುದಿಯಲ್ಲಿ ನೇತಾಡುತ್ತಿತ್ತು. ಎಂಟು ತಂತಿ ಬಿಗಿದಾಗ ಎಳೆತ ಸುಮಾರು 70 ಕೆ.ಜಿ. ಪುಟ್ಟಿ, ಅದರಲ್ಲಿ ಒಂದು ಪಾಲು ಕುದುರೆಯಿಂದ ಹಲಗೆಯನ್ನು ಒತ್ತುತ್ತಿರುತ್ತದೆ, ಪಟ್ಟಿ ಬಿಟ್ಟ ಮೇಲೆ ಹಲಗೆ ಏನು ಮಾಡೀತು. ಅದೂ ಹೋಗಲಿ. ತಲೆಯ ಹಿಂಭಾಗದಲ್ಲಿ ಬಿರಡೆ ತಗಡಿನ ಹತ್ತಿರ ಹಳೇ ಸ್ಕ್ರೂ ತೂತುಗಳನ್ನು ಮುಚ್ಚಿ ಬಣ್ಣ ಹಚ್ಚಿದ್ದರು. ಮುಂದುಗಡೆ ಹೆಸರಿದ್ದ ತೆಳು ಹಲಗೆಯ ಸುತ್ತ ಹೊಸ ಅಂಟಿನ ಗೆರೆ. ಯಾವುದೋ ಮ್ಯಾಂಡೊಲಿನ್‌ಗೆ ಯಾರೋ ಆ ಹೆಸರು ಅಂಟಿಸಿದ್ದರು. ಕಂಪನಿಯ ತಪ್ಪು ಏನೂ ಇಲ್ಲ ಅದರಲ್ಲಿ. ಗಿಬ್ಸನ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ, ಒಳ್ಳೆಯ ಗಿಬ್ಸನ್ ಕೈಗೆ ಸಿಕ್ಕರೆ ಅದರ ದನಿಯೇ ಬೇರೆ. ಆದರೆ ನಾವು ದುಡ್ಡು ಕೊಟ್ಟದ್ದು ಒಂದು ಚೂರು ಚಿಪ್ಪಿಗೆ.

ಮೇಲಿನ ಹಲಗೆ ಬಿಚ್ಚಬೇಕು ಅಂದರು. ಅದಕ್ಕೆ ಆಗುವ ಖರ್ಚಿನಲ್ಲಿ ಹೊಸದೇ ಬರುತ್ತಿತ್ತು. ಮಾರಿದ ಹಳೆಯದನ್ನು ವಾಪಸ್ ಕೇಳಿದರೆ ತಗೊಂಡವರು ಕೊಡಲಿಲ್ಲ, ಯಾಕೆ ಕೊಡುತ್ತಾರೆ ಹೇಳು. ದೊಡ್ಡಪ್ಪ ಅದಾದ ಮೇಲೆ ಸ್ಟೇಜ್ ಹತ್ತಿದ್ದೇ ಕಡಿಮೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಹೆಸರು ನೋಡಿ ದುಡ್ಡು ಕೊಡಬೇಡ. ನುಡಿಸಿ ನೋಡದೆ ಒಂದು ಪೈಸೆಯೂ ಬಿಚ್ಚಬೇಡ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ದುಡ್ಡು ಹೋಯಿತಲ್ಲ ಅಂತಲ್ಲ. ಅವತ್ತು ನಾನು ಹೇಳಿದ್ದೆ. ನಾನೂ ಬರುತ್ತೇನೆ, ಒಂದು ಸಲ ನುಡಿಸಿ ನೋಡೋಣ, ಆಮೇಲೆ ಕೊಡಿ ಅಂತ. ನಿನಗೇನು ಗೊತ್ತಾಗುತ್ತದೆ ಸುಮ್ನಿರು ಅಂದರು ಮನೆಯವರೆಲ್ಲ. ದಿನಾ ಅದಕ್ಕೆ ಶ್ರುತಿ ಮಾಡುತ್ತಿದ್ದವಳು ನಾನು, ತಂತಿ ಬದಲಿಸುತ್ತಿದ್ದವಳು ನಾನು. ಮ್ಯಾಂಡೊಲಿನ್ ಮಾತ್ರ ಗಂಡಸರದು. ಆಮೇಲೆ ನಾನು ಕೂಡಿಟ್ಟ ದುಡ್ಡಲ್ಲಿ ನನಗೇ ಅಂತ ಒಂದು ತಗೊಂಡೆನಲ್ಲ, ಅದನ್ನೂ ಮಗುವಿನ ಕಾರ್ಯಕ್ರಮಕ್ಕೆ ಅಂತ ಇಸಿದುಕೊಂಡು ಹೋದರು. ಯಾರು ಅಂತ ಅವರಿಗೆ ಗೊತ್ತು, ಇದೇ ಗ್ರೂಪಿನಲ್ಲಿದ್ದಾರೆ. ಎಂಟೂ ತಂತಿ ಒಟ್ಟಿಗೆ ಬಿಚ್ಚಿ, ಕುದುರೆ ಎಲ್ಲೋ ಕಳೆದು, ಹಲಗೆಗೆ ಗೀರು ಹಾಕಿ ತಂದು ಸೋಫಾ ಮೇಲೆ ಇಟ್ಟು ಹೋದರು. ಹೀಗಾಯಿತು ದೊಡ್ಡಮ್ಮ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ನನಗೆ. ಇವತ್ತಿನವರೆಗೂ ಇಲ್ಲ. ಹಬ್ಬಕ್ಕೆ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯಿತು. ಬೇರೆ ಯಾವುದು ತಗೊಳ್ಳಬಹುದು ಅಂತ ಅಲ್ವಾ.

ಎಫ್ ಮಾಡೆಲ್ ಆಸೆ ಈಗ ಬಿಡಿಸು. ಆ ಸುರುಳಿ, ಆ ಚೂಪು ಮೂಲೆ ಎಲ್ಲ ನೋಡುವುದಕ್ಕೆ ಚಂದ, ಕೆತ್ತುವುದಕ್ಕೆ ಕೆಲಸ ಜಾಸ್ತಿ, ರೇಟು ಏರುವುದೂ ಅದಕ್ಕೇ. ನೀರಿನ ಹನಿಯ ಆಕಾರದ ಎ ಮಾಡೆಲ್‌ನಲ್ಲಿ ಅದೇ ಮರ, ಅದೇ ಎಫ್ ತೂತು ಇದ್ದರೆ ದನಿಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇರಲ್ಲ. ಈಸ್ಟ್‌ಮನ್ ಎಂಡಿ-305 ನೋಡು, ಇಲ್ಲ ಕೆಂಟಕಿ ಕೆಎಂ-150. ಎರಡೂ ಎ ಮಾಡೆಲ್, ಎರಡರಲ್ಲೂ ಮೇಲಿನ ಹಲಗೆ ಗಟ್ಟಿ ಸ್ಪ್ರೂಸ್ ಮರ, ಬೆನ್ನು ಮೇಪಲ್. ಕಲಿಯುವವನಿಗೆ ಬೇಕಾದಷ್ಟಾಯಿತು, ಸ್ಟೇಜ್ ಮೇಲೂ ಧಾರಾಳವಾಗಿ ನುಡಿಸಬಹುದು. ದ ಲೋರ್ ಅಂತಲೂ ಒಂದು ಬ್ರಾಂಡ್ ಇದೆ. ನಾನು ಹೇಳಿದ ಆ ಲಾಯ್ಡ್ ಲೋರ್ ಮಾಡಿದ್ದಲ್ಲ ಅದು, ಅವರ ಹೆಸರಿಟ್ಟುಕೊಂಡಿರುವುದು ಅಷ್ಟೇ, ಆದರೂ ಅದರಲ್ಲೂ ಕೆತ್ತಿದ ಹಲಗೆಯವು ಸಿಗುತ್ತವೆ. ಎಪಿಫೋನ್ 1957ರಿಂದ ಗಿಬ್ಸನ್ ಕೈಕೆಳಗೇ ಇರುವ ಕಂಪನಿ. ಆದರೆ ಗಿಬ್ಸನ್ನದೇ ತಮ್ಮ ಅಂತ ಅಂಗಡಿಯವರು ಹೇಳಿದ ತಕ್ಷಣ ತಗೊಳ್ಳಬೇಡ, ಮರ ಗಟ್ಟಿಯೋ ಪ್ಲೈವುಡ್ಡೋ ಕೇಳು. ಅವರು ಹೇಳದಿದ್ದರೆ ನೀನೇ ನೋಡು. ತೂತಿನ ಅಂಚಿನಲ್ಲಿ ಮರದ ಗೆರೆ ಮೇಲಿಂದ ಕೆಳಗಿನವರೆಗೂ ಇಳಿದಿದ್ದರೆ ಗಟ್ಟಿ ಮರ, ಪದರ ಪದರ ಕಂಡರೆ ಪ್ಲೈವುಡ್.

ಅಂಗಡಿಯಲ್ಲಿ ನುಡಿಸಿ ನೋಡುವಾಗ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿಸು, ಆಮೇಲೆ ಒತ್ತಿ ಮೀಟಿಸು. ಎರಡೂ ಒಂದೇ ಸ್ವರ ಬರಬೇಕು. ಬರದಿದ್ದರೆ ಕುದುರೆ ಸರಿಸಿ ಕೊಡಿ ಅನ್ನು, ಮ್ಯಾಂಡೊಲಿನ್‌ನಲ್ಲಿ ಕುದುರೆ ಅಂಟಿಸಿರಲ್ಲ, ತಂತಿಯ ಬಿಗಿಗೆ ನಿಂತಿರುತ್ತದೆ. ಸರಿಸಿದರೂ ಬರದಿದ್ದರೆ ಎದ್ದು ಬಾ. ಅದೇ ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಸಾಕು. ಜಾಸ್ತಿ ಎತ್ತರ ಇದ್ದರೆ ಹುಡುಗನ ಬೆರಳು ನೋಯುತ್ತದೆ, ಜೋಡಿ ತಂತಿ ಬೇರೆ, ನಾಲ್ಕು ದಿನಕ್ಕೆ ಮೂಲೆಗಿಡುತ್ತಾನೆ. ಕೈ ಕೆಡುವುದು ಇದರಿಂದ, ಕಡಿಮೆ ರೇಟಿನಿಂದ ಅಲ್ಲ. ಉಳಿದ ದುಡ್ಡಲ್ಲಿ ಒಂದು ಪಾಲು ಸೆಟಪ್‌ಗೆ ಎತ್ತಿಡು, ಪೆಟ್ಟಿಗೆಯಿಂದ ತೆಗೆದ ಹೊಸ ಮ್ಯಾಂಡೊಲಿನ್ ಹಾಗೇ ನುಡಿಸುವ ಹಾಗಿರುವುದು ಅಪರೂಪ. ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ನಟ್, ಕುದುರೆ, ಕುತ್ತಿಗೆ ಮೂರೂ ಸರಿ ಮಾಡಿಸು.

ಇನ್ನೊಂದು, ಮುಂದೆ ಕರ್ನಾಟಕ ಸಂಗೀತಕ್ಕೆ ಹೊರಳುವ ಯೋಚನೆ ಇದ್ದರೆ ಈಗಲೇ ಹೇಳು. ಯು. ಶ್ರೀನಿವಾಸ್ ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಅದೂ ಒಂಟಿ ತಂತಿಯದು. ಜೋಡಿ ತಂತಿಯಲ್ಲಿ ಗಮಕ ಎಳೆಯುವುದು ಕಷ್ಟ. ಆ ದಾರಿಗೆ ಗಿಬ್ಸನ್ ಎಫ್-5 ಇದ್ದರೂ ಪ್ರಯೋಜನ ಇಲ್ಲ.

ತಂತಿ ಬದಲಿಸುವಾಗ ಒಂದು ಬಿಚ್ಚಿ ಒಂದು ಹಾಕಬೇಕು, ಎಲ್ಲ ಒಟ್ಟಿಗೆ ಬಿಚ್ಚಿದರೆ ಕುದುರೆ ಜಾಗ ತಪ್ಪುತ್ತದೆ. ಅದನ್ನು ಅವನಿಗೆ ನಾನೇ ಕಲಿಸುತ್ತೇನೆ. ಅಂಗಡಿಗೆ ಹೋಗುವ ದಿನ ಮೊದಲೇ ತಿಳಿಸು, ನಾನೂ ಬರುತ್ತೇನೆ, ಟ್ಯೂನರ್ ನಾನೇ ತರುತ್ತೇನೆ. ಅವನನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಎ ಒಂದು, ಎಫ್ ಒಂದು ನುಡಿಸುತ್ತೇನೆ, ಯಾವುದು ಬೇಕು ಅಂತ ಅವನೇ ಹೇಳಲಿ. ಆ ಅರ್ಧ ರೇಟಿನವರಿಗೆ ಮಾತ್ರ ಇವತ್ತೇ ಬೇಡ ಅಂತ ಹೇಳಿಬಿಡು.