ಹಾಲು ಬಿಟ್ಟು ಹಸಿ ಆಹಾರವನ್ನಷ್ಟೇ ಸೇವಿಸಿದರೆ ಸಾಕಾಗುವುದೇ?

ಪ್ರಶ್ನೆ (ಧಾರವಾಡ):
ಹಾಲು, ಮೊಸರನ್ನು ಬಿಟ್ಟಿರುವ ನನ್ನ ತಂಗಿ ಇನ್ನು ಮುಂದೆ ಬೇಯಿಸದ ಆಹಾರವನ್ನಷ್ಟೇ ಸೇವಿಸಲು ನಿರ್ಧರಿಸಿದ್ದಾಳೆ. ಮೊಳಕೆಯೊಡೆದ ಮಡಕಿಕಾಳು, ಹಕ್ಕರಕಿ ಸೊಪ್ಪು, ಹಸಿ ಮೆಂತ್ಯೆ, ಶೇಂಗಾ ಇವುಗಳಿಂದ ಅವಳಿಗೆ ಬೇಕಾದ ಪೋಷಕಾಂಶಗಳೆಲ್ಲ ದೊರೆಯುವುವೇ?

ಉತ್ತರ (ಗದಗ):
ಕಾಳು, ಶೇಂಗಾ ಸಾಕಷ್ಟಿದ್ದರೆ ಪ್ರೋಟೀನಿನ ಬಗ್ಗೆ ಹೆಚ್ಚು ಚಿಂತೆ ಬೇಡ. ನನಗೆ ನಿಜವಾದ ಆತಂಕವಿರುವುದು ಬಿ12 ವಿಟಮಿನ್ ವಿಷಯದಲ್ಲಿ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳೇ ಹೊರತು ಸಸ್ಯಗಳಲ್ಲವಾದ್ದರಿಂದ, ಎಷ್ಟೇ ಸೊಪ್ಪು ತಿಂದರೂ ಆ ಕೊರತೆ ನೀಗುವುದಿಲ್ಲ. ವಯಸ್ಕರಿಗೆ ದಿನಕ್ಕೆ ಸುಮಾರು 2.4 ಮೈಕ್ರೋಗ್ರಾಂ ಸಾಕು. ಆದರೆ ಯಕೃತ್ತಿನಲ್ಲಿರುವ ಸಂಗ್ರಹ ವರ್ಷಗಟ್ಟಲೆ ಬಾಳುವುದರಿಂದ ಕೊರತೆಯು ತಡವಾಗಿ, ಕೈಕಾಲು ಜೋಮು ಹಿಡಿಯತೊಡಗಿದಾಗಲಷ್ಟೇ ಗಮನಕ್ಕೆ ಬರಬಹುದು, ಮತ್ತು ಅಷ್ಟರಲ್ಲಿ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ದಯವಿಟ್ಟು ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಮಾತ್ರೆ ಆರಂಭಿಸಿರಿ.

ಉತ್ತರ (ಹಾವೇರಿ):
ಎಲ್ಲವೂ ಹಸಿಯೇ ಆಗಬೇಕೆಂಬುದನ್ನು ನಾನು ಒಪ್ಪಲಾರೆ. ರಾಜ್ಮಾದಂಥ ಕಾಳನ್ನು ಬೇಯಿಸದೆ ತಿಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿಭೇದಿಯನ್ನು ತರುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯದ ಪಕ್ಕದಲ್ಲಿ ಹಸಿ ಹಕ್ಕರಕಿಯನ್ನಿಟ್ಟು ಉಣ್ಣುವ ನಮ್ಮ ರೂಢಿಯೇ ಮೇಲು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗುತ್ತದೆ, ಊಟದೊಡನೆ ಚಹಾ ಕುಡಿದರೆ ಕುಗ್ಗುತ್ತದೆ. ಇಡೀ ಅಗಸಿ ಬೀಜ ಜೀರ್ಣವಾಗದೆ ಹೊರಹೋಗುವುದುಂಟು. ಕುಟ್ಟಿದ ಅಗಸಿ ಹಿಂಡಿಯಿಂದ (ಚಟ್ನಿಪುಡಿಯಿಂದ) ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ದೊರೆಯುತ್ತದೆ. ಕ್ಯಾಲ್ಸಿಯಂಗೆ ರಾಗಿ, ಎಳ್ಳು ಇರಲಿ.

ಉತ್ತರ (ಹುಬ್ಬಳ್ಳಿ):
ತಂಗಿ ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ ಬಿ12 ಪರೀಕ್ಷೆಯನ್ನು ಈ ವಾರವೇ ಮಾಡಿಸಿರಿ, ಏಕೆಂದರೆ ತಾಯಿಯ ಕೊರತೆ ಮಗುವಿಗೂ ತಟ್ಟುತ್ತದೆ.