ಕಾಕಾನ ಇಂದ್ರಜಾಲ ಕಾಮಿಕ್ಸ್ ಹಳದಿ ಆಗಿವೆ, ಅಂಚು ಉದುರ್ತಿದೆ. ಏನು ಮಾಡಲಿ?

ನವನಗರದ ಟ್ರಂಕು (ಬಾಗಲಕೋಟೆ)

ನಮಸ್ಕಾರ ರೀ ಎಲ್ಲರಿಗೂ. ನಮ್ಮ ಕಾಕಾ ಬೆಳಗಾವಿಯಲ್ಲಿ ನೌಕರಿ ಮಾಡುವಾಗ ಕೊಂಡಿದ್ದ ಇಂದ್ರಜಾಲ ಕಾಮಿಕ್ಸ್ ಈಗ ನನ್ನ ಕೈಗೆ ಬಂದಿವೆ. ಒಟ್ಟು 43. ಕನ್ನಡದವು 11, ಉಳಿದವೆಲ್ಲ ಮರಾಠಿ. ಹಾಗಾಗಿ ಈ ಕಾಮಿಕ್ಸ್‌ನ ಮುಖವಾಡದ ನಾಯಕ ಫ್ಯಾಂಟಮ್ ನನಗೆ ಮೊದಲು ಪರಿಚಯ ಆಗಿದ್ದೇ ವೇತಾಳ ಅನ್ನೋ ಮರಾಠಿ ಹೆಸರಲ್ಲಿ. ಆಗ ಮರಾಠಿ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ನಾನೇ ಕಥೆ ಕಟ್ಟಿಕೊಳ್ಳುತ್ತಿದ್ದೆ.

ಇವು ಹಳೇ ಬಾಗಲಕೋಟೆಯ ನಮ್ಮ ಮಾಳಿಗೆ ಮನೆಯಲ್ಲಿ ಒಂದು ಟ್ರಂಕಿನಲ್ಲಿದ್ದವು. ಮನೆ ಮುಳುಗಡೆಗೆ ಹೋದಾಗ ಹಂಡೆ, ಒನಕೆ ಜೊತೆ ಅದೇ ಟ್ರಂಕು ಟ್ರ್ಯಾಕ್ಟರ್ ಹತ್ತಿ ನವನಗರಕ್ಕೆ ಬಂತು. ಅವತ್ತಿಂದ ತಗಡಿನ ಶೆಡ್ಡಿನಲ್ಲಿ, ಜೋಳದ ಚೀಲದ ಪಕ್ಕ ಕೂತಿತ್ತು. ಹೋದ ವಾರ ತೆಗೆದೆ.

ಕವರಿನ ಬಣ್ಣ ಇನ್ನೂ ಚೆನ್ನಾಗಿದೆ. ಒಳಗಿನ ಪುಟಗಳದ್ದೇ ಚಿಂತೆ. ಅಂಚಿನಿಂದ ಒಂದು ಬೆರಳಿನಷ್ಟು ಅಗಲ ಚಹಾದ ಬಣ್ಣ, ನಡುವೆ ಕೆನೆ ಬಣ್ಣ. ಒಂದು ಪುಟ ತಿರುವಿದೆ ನೋಡಿ, ಮೂಲೆ ಕಟಕ್ ರೊಟ್ಟಿ ಮುರಿದ ಹಾಗೆ ಮುರಿದು ಬೆರಳಲ್ಲೇ ಉಳೀತು. ಇನ್ನೊಂದರ ಒಳಗೆ ಹಳೇ ಪೇಪರಿನ ಒಂದು ತುಂಡು ಇತ್ತು. ಅದನ್ನು ತೆಗೆದರೆ ಅದೇ ಅಳತೆಯ ಕಂದು ಚೌಕ ಎರಡೂ ಪುಟದ ಮೇಲೆ ಅಚ್ಚೊತ್ತಿದ ಹಾಗೆ ಕೂತಿದೆ. ವೇತಾಳನ ಕುದುರೆಗೆ ಅರ್ಧ ಮೈ ಬಿಳಿ, ಅರ್ಧ ಮೈ ಕಂದು!

ಫೋನಿನಲ್ಲಿ ಮಾತಾಡಿದ ಒಬ್ಬ ಸಂಗ್ರಹಕಾರರು "ಹಳದಿ ಮಾಲು, ಅರ್ಧ ರೇಟು" ಅಂದರು. ಗೆಳೆಯನೊಬ್ಬ ಬ್ಲೀಚ್ ನೀರಿನಲ್ಲಿ ಅದ್ದಿದರೆ ಬೆಳ್ಳಗಾಗುತ್ತೆ ಅಂತಾನೆ. ಬೈಂಡಿಂಗ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ?

ಟಿಳಕವಾಡಿ ಮಳೆ (ಬೆಳಗಾವಿ)

ಅಣ್ಣಾರೇ, ಮೊದಲು ಬ್ಲೀಚ್ ಡಬ್ಬಿ ಬಚ್ಚಲಿಗೆ ವಾಪಸ್ ಕಳಿಸಿ. ಲ್ಯಾಮಿನೇಷನ್ನೂ ಬೇಡ.

ಆ ಕಾಲದ ಅಗ್ಗದ ಕಾಮಿಕ್ಸ್ ಅಂದರೆ ಒಳಪುಟ ಹೆಚ್ಚುಕಡಿಮೆ ನ್ಯೂಸ್‌ಪ್ರಿಂಟ್. ಮರವನ್ನು ಅರೆದು ಮಾಡಿದ ಕಾಗದ ಅದು. ಮರದೊಳಗಿನ ಲಿಗ್ನಿನ್ ಅನ್ನೋ ಅಂಟು ಪದಾರ್ಥ ಅದರಲ್ಲಿ ಹಾಗೇ ಉಳಿದಿರುತ್ತೆ. ಬೆಳಕು, ಗಾಳಿ ತಾಗಿದರೆ ಅದು ಹಳದಿ, ಆಮೇಲೆ ಕಂದು. ಗಾಳಿ ಅಂಚಿನಿಂದ ಒಳಗೆ ಹೋಗುತ್ತಲ್ವಾ, ಅದಕ್ಕೇ ನಿಮಗೆ ಚಹಾ ಬಣ್ಣದ ಚೌಕಟ್ಟು ಕಾಣುತ್ತಿರೋದು. ಕವರಿನ ಕಾಗದ ಬೇರೆ, ಅದಕ್ಕೆ ಉಳಿದಿದೆ.

ಆದರೆ ಬಣ್ಣಕ್ಕೆ ಅಷ್ಟು ಹೆದರಬೇಡಿ. ಮೂಲೆ ಮುರಿದದ್ದಕ್ಕೆ ಹೆದರಿ. ಅದು ಆಮ್ಲದ ಕೆಲಸ. ಕಾಗದದ ನಾರು ಅಂದರೆ ಉದ್ದುದ್ದ ಸರಪಳಿ. ಆಮ್ಲ ಅದನ್ನು ತುಂಡು ತುಂಡು ಮಾಡ್ತಾ ಹೋಗುತ್ತೆ. ಸರಪಳಿ ಗಿಡ್ಡ ಆದಷ್ಟು ಪುಟ ಬಾಗೋದಿಲ್ಲ, ಮುರಿಯುತ್ತೆ. ಪೇಪರ್ ತುಂಡಿನ ಆಮ್ಲವೇ ಪಕ್ಕದ ಪುಟಕ್ಕೆ ಇಳಿದು ಆ ಚೌಕ ಮೂಡಿದೆ. ಹಳದಿ ಆದರೂ ಮೆತ್ತಗೆ ತಿರುಗುವ ಪುಟ ಇನ್ನೂ ಬಹಳ ವರ್ಷ ಬಾಳುತ್ತೆ. ಬ್ಲೀಚ್ ಹಾಕಿದರೆ ಕೆಲ ದಿನ ಬೆಳ್ಳಗೆ ಕಾಣಬಹುದು, ನಾರು ಮಾತ್ರ ಇನ್ನಷ್ಟು ಹಾಳಾಗುತ್ತೆ. ಅದೂ ಅಲ್ಲದೆ ಒದ್ದೆ ಆದ ನುಣುಪು ಕವರುಗಳು ಒಂದಕ್ಕೊಂದು ಅಂಟಿದರೆ ಬಿಡಿಸೋಕೆ ಆಗಲ್ಲ. ಲ್ಯಾಮಿನೇಷನ್ ಅಂದರೆ ಆಮ್ಲವನ್ನು ಒಳಗೇ ಇಟ್ಟು ಬಿಸಿ ಕೊಟ್ಟು ಮುಚ್ಚಿದ ಹಾಗೆ. ಆಮೇಲೆ ತೆಗೆಯೋಕೂ ಬರಲ್ಲ.

ನನ್ನ ಕಥೆ ಕೇಳಿ. ನಾನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟಿದ್ದೆ. ನಮ್ಮ ಬೆಳಗಾವಿ ಜುಲೈ ಗೊತ್ತಲ್ಲ, ಗೋಡೆಯೇ ಬೆವರುತ್ತೆ. ಪಿನ್ನುಗಳು ತುಕ್ಕು ಹಿಡಿದು ನಡುಪುಟದಲ್ಲಿ ಎರಡೆರಡು ಕೆಂಪು ಕಲೆ, ಕವರಿನ ಮೇಲೆಲ್ಲ ಕಂದು ಚುಕ್ಕೆ. ಒಣಗಲಿ ಅಂತ ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಬಿಸಿಲಿಗೆ ಹರವಿದೆ. ಅದಕ್ಕಿಂತ ದೊಡ್ಡ ಪೆದ್ದತನ ಇಲ್ಲ. ಬಿಸಿಲಿನ ಕಿರಣ ಲಿಗ್ನಿನ್‌ಗೆ ಮೊದಲ ಶತ್ರು. ನೆರಳು, ಫ್ಯಾನಿನ ಗಾಳಿ ಸಾಕಿತ್ತು.

ಈಗ ಮಾಡೋದು ಇಷ್ಟೇ. ಆ ತಗಡಿನ ಶೆಡ್ಡಿನಿಂದ ಇವತ್ತೇ ತೆಗೀರಿ. ಸುಮಾರು 10 ಡಿಗ್ರಿ ಬಿಸಿ ಏರಿದರೆ ಕಾಗದ ಹಾಳಾಗುವ ವೇಗ ಎರಡು ಪಟ್ಟು ಅಂತ ಒಂದು ಲೆಕ್ಕ ಇದೆ. ಮನೆಯ ನಡುಕೋಣೆ, ಒಳಗೋಡೆ ಕಡೆಯ ಕಪಾಟು ಒಳ್ಳೇದು. ಪ್ರತಿ ಪುಸ್ತಕಕ್ಕೂ ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲ ಇಲ್ಲದ ರಟ್ಟು. ದುಡ್ಡಿದ್ದರೆ ಮೈಲಾರ್ ಚೀಲ. (ಮೈಲಾರಲಿಂಗನಿಗೂ ಇದಕ್ಕೂ ಸಂಬಂಧ ಇಲ್ಲ ರೀ, ಅದೊಂದು ಪಾಲಿಯೆಸ್ಟರ್ ಹಾಳೆ.) ಶಾಲೆ ಪುಸ್ತಕಕ್ಕೆ ಹಾಕ್ತಾರಲ್ಲ, ವಾಸನೆ ಬರೋ ಮೆತ್ತನೆ ಪ್ಲಾಸ್ಟಿಕ್, ಅದು ಮಾತ್ರ ಬೇಡ. ಅದು ಪಿವಿಸಿ, ಮುದ್ರಣದ ಮಸಿಗೆ ಅಂಟಿಕೊಳ್ಳುತ್ತೆ. ಮುರಿದ ಮೂಲೆಗೆ ಸೆಲ್ಲೋಟೇಪೂ ಬೇಡ. ಆ ಚೂರನ್ನು ಅದೇ ಚೀಲದಲ್ಲಿ ಹಾಕಿಡಿ.

ಗುಮ್ಮಟದ ಪಿಸುಮಾತು (ವಿಜಯಪುರ)

ಇಷ್ಟೆಲ್ಲ ಯಾಕ್ರೀ? ಕಾಮಿಕ್ಸ್ ಇರೋದು ಓದೋಕೆ. ನನ್ನ ಹತ್ತಿರ ಇದ್ದವನ್ನೆಲ್ಲ ಅಕ್ಕನ ಮಕ್ಕಳು ಓದಿ ಹರಿದು ಹಾಕಿದರು, ಖುಷಿ ಆಯ್ತು.

ಆದರೂ ರೇಟಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಸಿಜಿಸಿ ಅಂತ ಒಂದು ಕಂಪನಿ 2000ನೇ ಇಸವಿಯಿಂದ ಕಾಮಿಕ್ಸ್‌ಗೆ ಅಂಕ ಕೊಡುತ್ತೆ, 0.5 ರಿಂದ 10ರವರೆಗೆ. ಪುಟದ ಬಣ್ಣವನ್ನು ಅಂಕದ ಜೊತೆ ಬೇರೆಯಾಗೇ ಬರೀತಾರೆ. ಬಿಳಿ, ಕೆನೆ, ಕಂದು, ಕೊನೆಗೆ ಮುರಿಯುವಂಥದ್ದು. ಬ್ಲೀಚ್ ಮಾಡಿ ರಿಪೇರಿ ಮಾಡಿದ್ದು ಗೊತ್ತಾದರೆ ಲೇಬಲ್ಲೇ ಬೇರೆ, ರೇಟು ಇಳಿಯುತ್ತೆ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ಕ್ಕೆ ನಿಂತಿತು. ಇನ್ನು ಹೊಸದಾಗಿ ಬರಲ್ಲ, ಇದ್ದವೆಲ್ಲ ರದ್ದಿಗೆ ಹೋದವೇ ಜಾಸ್ತಿ. ಬೆಳ್ಳಗೆ ಉಳಿದದ್ದು ಎಲ್ಲಿ ಸಿಗುತ್ತೆ ಅಂತ ಆ ಸಂಗ್ರಹಕಾರರನ್ನೇ ಕೇಳಿ. "ಹಳದಿ" ಅನ್ನೋದು ಚೌಕಾಸಿ ಮಾತು.

ಮತ್ತೆ, ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಇದ್ದರೆ ತೆಗೀರಿ. ಹುಳ ಹೋಗುತ್ತೆ, ಆದರೆ ಆ ವಾಸನೆ ಪುಟದಿಂದ ಸುಲಭಕ್ಕೆ ಹೋಗಲ್ಲ.

ನವನಗರದ ಟ್ರಂಕು (ಬಾಗಲಕೋಟೆ)

ಎಲ್ಲರಿಗೂ ಥ್ಯಾಂಕ್ಸ್ ರೀ. ನಿನ್ನೆ ರಾತ್ರಿಯೇ ಒಳಗೆ ತಂದೆ. ನಮ್ಮಾಕೆ ತಿಜೋರಿಯ ಕೆಳಖಾನೆ ಬಿಟ್ಟುಕೊಟ್ಟಳು, ಅಲ್ಲಿದ್ದ ಇಳಕಲ್ ಸೀರೆಗಳು ಮೇಲೆ ಹೋದವು. ಒಂದೊಂದೇ ನೋಡಿದೆ. 43ರಲ್ಲಿ ಮುರಿಯುವ ಸ್ಥಿತಿಯವು 6 ಮಾತ್ರ. ಆರೂ ಟ್ರಂಕಿನ ಮೇಲ್ಪದರದಲ್ಲಿ, ತಗಡಿನ ಮುಚ್ಚಳಕ್ಕೆ ತಾಗಿಕೊಂಡಿದ್ದವು. ಕೆಳಗಿನವು ಹಳದಿ, ಆದರೆ ಮೆತ್ತಗಿವೆ. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರನ್ನೂ ಕಿತ್ತು ಹಾಕಿದೆ. ಮಾರೋದು ಸದ್ಯಕ್ಕಿಲ್ಲ.

ಒಂದು ಪ್ರಶ್ನೆ ಉಳೀತು. ತುಕ್ಕು ಹಿಡಿದ ಪಿನ್ನು ಕೀಳಲಾ?

ಟಿಳಕವಾಡಿ ಮಳೆ (ಬೆಳಗಾವಿ)

ನಿಮ್ಮದು ಒಣ ಊರು, ತುಕ್ಕು ಹೆಚ್ಚುವ ಭಯ ಕಡಿಮೆ. ಕೀಳಬೇಡಿ, ಕಿತ್ತರೆ ಆ ತೂತೇ ಹರಿದುಕೊಳ್ಳುತ್ತೆ. ಅಂದಹಾಗೆ ಆ ಪೇಪರ್ ತುಂಡಿನಲ್ಲಿ ಏನಿತ್ತು? ಅಷ್ಟು ಜೋಪಾನ ಮಾಡಿದ್ದಾರೆ ಅಂದರೆ ಏನೋ ಇರಬೇಕು.

ನವನಗರದ ಟ್ರಂಕು (ಬಾಗಲಕೋಟೆ)

ಒಂದು ಕಡೆ ಕ್ರಿಕೆಟ್ ಸ್ಕೋರು, ಇನ್ನೊಂದು ಕಡೆ ಟ್ರಾನ್ಸಿಸ್ಟರ್ ಜಾಹೀರಾತು. ನನಗೂ ಕುತೂಹಲ ಆಗಿ ಕಾಕಾಗೆ ಫೋನ್ ಹಚ್ಚಿದೆ. "ಅದರಾಗೇನೈತಿ? ಎಲ್ಲೀತನಕ ಓದೀನಿ ಅಂತ ಗುರ್ತಿಗೆ ಇಟ್ಟಿದ್ದೆ" ಅಂದರು. ಆಮೇಲೆ, ಆ ಕಥೆ ಕೊನೆಗೆ ಏನಾಯಿತು ಅಂತ ನನ್ನನ್ನೇ ಕೇಳಿದರು.